ಎರಡು ಮೇಜಿನ ಗಂಟು

ಭಾನುವಾರ ಬೆಳಿಗ್ಗೆ ಏಳು ಗಂಟೆ ಹನ್ನೆರಡು ನಿಮಿಷಕ್ಕೆ ಮಿಲಿಮೀಟರ್ ಮಹಾಶಯರು ಊಟದ ಮೇಜಿನ ಮೇಲೆ ಬಗ್ಗಿ, ದಪ್ಪ ಬಿಳಿ ಹಾಳೆಯೊಂದರ ಅಂಚಿಗೆ ಇನ್ನೂರ ಹದಿನಾಲ್ಕನೆಯ ಚುಕ್ಕೆ ಇಡುತ್ತಿದ್ದರು. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಇಪ್ಪತ್ತೊಂಬತ್ತು ವರ್ಷ ಹನಿ ಎಣಿಸಿದವರು. ಸಹೋದ್ಯೋಗಿಗಳು ಗೇಲಿಗೆಂದು ಇಟ್ಟ ಹೆಸರನ್ನು ಬಿರುದಿನಂತೆ ಹೊತ್ತು ತಿರುಗುತ್ತಿದ್ದರು.

"ನೋಡ್ತಾ ಇರು!" ಎಂದು ಅಡುಗೆಮನೆಯ ಕಡೆಗೆ ಘೋಷಿಸಿದರು. "ಕೆಲ್ಟಿಕ್ ಗಂಟಿನ ಅಂಚು ಅಂದ್ರೆ ಎಲ್ಲರೂ ಕಲೆ ಅಂತಾರೆ. ಕಲೆಯೂ ಇಲ್ಲ ಗಿಲೆಯೂ ಇಲ್ಲ, ಶುದ್ಧ ಗಣಿತ! ಒಂದು ಗೆರೆ ತಪ್ಪಿದ್ರೆ ನನ್ನ ಹೆಸರು ಬದಲಾಯಿಸು!"

"ಹೆಸರು ಬದಲಾಯಿಸಿ ಏನ್ರೀ ಪ್ರಯೋಜನ? ಒಳಗಿರೋ ಮನುಷ್ಯ ಅವನೇ ತಾನೆ!" ಎಂದರು ಅವರ ಹೆಂಡತಿ. ಹೊಲಿಗೆ ಶಾಲೆಯ ಟೀಚರ್. ಸೂಜಿಗಿಂತ ಅವರ ಮಾತಿನ ಮೊನೆ ಚೂಪು ಎಂದು ಶಿಷ್ಯೆಯರಲ್ಲಿ ಪ್ರತೀತಿ.

ಈ ಗಂಟನ್ನು ಮನೆಗೆ ತಂದವಳು ಮಗಳು. ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವವಳು. ಗಡಿಯಾರ ರಿಪೇರಿ ಮಾಡುವ ಒಳ್ಳೆಯ ಹುಡುಗನೊಬ್ಬನನ್ನು ಮೆಚ್ಚಿದ್ದಳು. ಮದುವೆಯ ತಾರೀಖನ್ನು ಮಾತ್ರ ಎರಡು ಸಲ ಮುಂದೆ ಹಾಕಿದ್ದಳು. ಕಾರಣ ಕೇಳಿದ್ದಕ್ಕೆ ಹಿಂದಿನ ದಿನ ನೇರವಾಗಿಯೇ ಹೇಳಿದ್ದಳು:

"ಕಾರಣ ನೀವಿಬ್ಬರೇ ಅಪ್ಪ. ನೀವೂ ಅಮ್ಮನೂ ಸೇರಿ ಒಂದು ಕೆಲಸ ಮುಗಿಸಿದ್ದನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ. ಒಂದು ಹೊದಿಕೆ ಮಡಚೋಕೂ ಜಗಳ! ಅದನ್ನೇ ನೋಡಿ ಬೆಳೆದವಳು ನಾನು, ನನಗೆ ಭಯ ಆಗುತ್ತೆ. ಮದುವೆಯ ದಿನ ನಾವು ಸಹಿ ಹಾಕೋ ಹಾಳೆಗೆ ಇಬ್ಬರೂ ಸೇರಿ ಇಂಥ ಅಂಚು ಬರೆದುಕೊಡಿ. ನಾಳೆ ಬಿಟ್ಟು ಮುಂದಿನ ಭಾನುವಾರ ಬರ್ತೀವಿ. ಸರಿಯಾಗಿದ್ರೆ ಅದರ ಮೇಲೇ ತಾರೀಖು ಬರೀತೀನಿ." ಹೀಗೆ ಹೇಳಿ, ಐರ್ಲೆಂಡಿನ ಹಳೆಯ ಹಸ್ತಪ್ರತಿಯೊಂದರ ಚಿತ್ರವನ್ನು ಮೇಜಿನ ಮೇಲಿಟ್ಟು ಹೋಗಿದ್ದಳು.

ಚಿತ್ರದಲ್ಲಿ ಹಾಳೆಯ ಸುತ್ತ ದಾರಗಳು ಹೆಣೆದುಕೊಂಡಿದ್ದವು. ನಿಯಮ ಒಂದೇ: ಪ್ರತಿ ದಾರವೂ ಒಂದು ಕಡೆ ಮೇಲೆ ಹಾದರೆ ಮುಂದಿನ ಕಡೆ ಕೆಳಗೆ ಹಾಯಬೇಕು. ಮೇಲೆ, ಕೆಳಗೆ, ಮೇಲೆ, ಕೆಳಗೆ. ಸತತ ಎರಡು ಸಲ ಮೇಲೆ ಹೋದರೆ ಹೆಣಿಗೆ ಸುಳ್ಳು.

ಚುಕ್ಕೆ ಮುಗಿಸಿ ಇಬ್ಬರೂ ಒಂದೇ ಮೇಜಿಗೆ ಕೂತರು. ಹದಿನೇಳು ನಿಮಿಷ ಕೂತರು.

"ಸ್ಕೇಲ್ ತೆಗೀರಿ. ದಾರ ಯಾವತ್ತಾದ್ರೂ ಸ್ಕೇಲ್ ಹಿಡ್ಕೊಂಡು ನಡೆಯುತ್ತಾ?"

"ನೀನು ಚುಕ್ಕೆ ಬಿಟ್ಟು ಅರ್ಧ ಮಿಲಿಮೀಟರ್ ಆಚೆ ಹೋಗ್ತಿದ್ದೀಯ!"

"ಅರ್ಧ ಮಿಲಿಮೀಟರ್‌ಗೆ ಯಾರೂ ಸಾಯಲ್ಲ. ಮೊಣಕೈ ತೆಗೀರಿ, ಬೆಳಕಿಗೆ ಅಡ್ಡ."

"ಬೆಳಕು ಎಡಗಡೆಯಿಂದ ಬರಬೇಕು, ಅದು ವಿಜ್ಞಾನ!"

"ಹಾಗಾದ್ರೆ ಸೂರ್ಯನಿಗೊಂದು ಅರ್ಜಿ ಬರೆದುಕೊಡಿ!"

ಆಗ ಮಹಾಶಯರಿಗೆ ಹೊಳೆದದ್ದೇ ಆ ಮಹೋನ್ನತ ಉಪಾಯ: ಕಾರ್ಯವಿಭಜನೆ! ಹಾಳೆಯನ್ನು ಸರಿಯಾಗಿ ನಡುವೆ, ಬ್ಲೇಡಿನಿಂದ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗದಂತೆ ಎರಡು ಮಾಡಿದರು. ಎಡಭಾಗ ತಮಗೆ, ಊಟದ ಮೇಜಿನ ಮೇಲೆ. ಬಲಭಾಗ ಹೆಂಡತಿಗೆ, ಒಳಕೋಣೆಯ ಹೊಲಿಗೆ ಮೇಜಿನ ಮೇಲೆ. ಕೊನೆಗೆ ಮೂಲೆ ಅಂಗಡಿಯ ಬೈಂಡರ್ ಎರಡನ್ನೂ ಅಂಟಿಸಿಕೊಟ್ಟರೆ ಆಯಿತು. 'ಸೇರಿ ಮಾಡಿ' ಎಂದು ಮಗಳು ಹೇಳಿದ್ದನ್ನು ಎರಡು ಹೋಳು ಮಾಡಿ ನೆರವೇರಿಸಿದ ದಂಪತಿಗಳು ಲೋಕದಲ್ಲಿ ಇವರಿಬ್ಬರೇ ಇರಬೇಕು!

ಮೂರು ದಿನ ಮನೆಯಲ್ಲಿ ಅಪರೂಪದ ಶಾಂತಿ. ಬುಧವಾರ ಸಂಜೆ ಪೆನ್ಸಿಲ್ ಕೆಲಸ ಮುಗಿದು ಎರಡು ಹೋಳುಗಳನ್ನೂ ಪಕ್ಕಪಕ್ಕ ಇಟ್ಟರು. ಚುಕ್ಕೆಗೆ ಚುಕ್ಕೆ ಕೂಡಿತು, ಗೆರೆಗೆ ಗೆರೆ ಕೂಡಿತು. ಆದರೆ ಎಡದಲ್ಲಿ ಮೇಲೆ ಹಾದು ಬಂದ ದಾರ ಬಲಕ್ಕೆ ದಾಟಿ ಮತ್ತೆ ಮೇಲೆಯೇ ಹೋಯಿತು! ಕೆಳಗೆ ನುಸುಳಿ ಬಂದದ್ದು ಮತ್ತೆ ಕೆಳಗೇ ನುಸುಳಿತು! ಇಬ್ಬರೂ ಮೊದಲ ದಾರವನ್ನು ತಮ್ಮ ತಮ್ಮ ಇಷ್ಟದಂತೆ ಶುರು ಮಾಡಿದ್ದರು. ಒಬ್ಬರನ್ನೊಬ್ಬರು ಕೇಳಿರಲಿಲ್ಲ.

ಮಹಾಶಯರು ಭೂತಗನ್ನಡಿ ಹಿಡಿದು ಎರಡು ಹೋಳುಗಳಲ್ಲೂ ತಲಾ ಎಪ್ಪತ್ತೆರಡು ಹಾಯುವಿಕೆಗಳನ್ನು ಪರೀಕ್ಷಿಸಿದರು. ತಪ್ಪು ಸೊನ್ನೆ. ಎಡವೂ ಸರಿ, ಬಲವೂ ಸರಿ. ಕೂಡಿಸಿದರೆ ತಪ್ಪು.

"ಸುಲಭ," ಎಂದರು. "ಒಂದು ಹೋಳಿನಲ್ಲಿ ಮೇಲಿರೋದನ್ನೆಲ್ಲ ಕೆಳಗೆ ಮಾಡಿದ್ರೆ ಸಾಕು. ನೀನು ಬದಲಾಯಿಸು."

"ನಾನ್ಯಾಕೆ? ನನ್ನದು ಸರಿ ಇದೆ ಅಂತ ಈಗ ತಾನೆ ನೀವೇ ಹೇಳಿದ್ರಿ."

"ನನ್ನದೂ ಸರಿ ಇದೆಯಲ್ಲೇ!"

"ಇಪ್ಪತ್ತೆಂಟು ವರ್ಷದಿಂದ ನಾನೇ ಬದಲಾಯಿಸ್ತಾ ಬಂದಿದ್ದೀನಿ. ಊಟದ ಹೊತ್ತು, ಮಲಗೋ ಹೊತ್ತು, ಕೊನೆಗೆ ನಗೋ ಹೊತ್ತೂ. ಈ ದಾರ ಬದಲಾಯಿಸಲ್ಲ!"

ನಗೆಯ ಹೊತ್ತಿನ ವಿಷಯ ಮಹಾಶಯರಿಗೆ ಅಂದೇ ಮೊದಲು ತಿಳಿದದ್ದು. ಪೆನ್ಸಿಲ್ ಕೆತ್ತಿದರು. ಚೆನ್ನಾಗಿಯೇ ಚೂಪಾಗಿದ್ದ ಪೆನ್ಸಿಲ್ ಅದು.

ಗುರುವಾರ ಟೀಚರ್ ಹೊಲಿಗೆ ಶಾಲೆಗೆ ಹೋದ ಮೇಲೆ ಮಹಾಶಯರು ಪ್ರಯೋಗಾಲಯಕ್ಕೆ ರಜೆ ಹಾಕಿದರು. ಮಗಳ ಮುಖ ನೆನಪಾಯಿತು. ತಮ್ಮ ಹೋಳಿನ ಎಪ್ಪತ್ತೆರಡನ್ನೂ ರಬ್ಬರಿನಿಂದ ಅಳಿಸಿದರು, ತಿರುಗಿಸಿದರು, ಶಾಯಿ ಹಾಕಿದರು. ಸೋತಿದ್ದು ನಿಜ, ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯವೇನು? ಎಲ್ಲ ತಾನಾಗಿಯೇ ಸರಿಹೋಯಿತು ಎಂದು ಭಾನುವಾರ ಗಾಂಭೀರ್ಯದಿಂದ ನಿಂತರಾಯಿತು. ಹಾಳೆಯನ್ನು ಲಕೋಟೆಗೆ ಹಾಕಿ ಬೈಂಡರ್ ಕೈಗೆ ಕೊಟ್ಟು ಬಂದರು.

ಶುಕ್ರವಾರ ಟೀಚರ್ ಕೂಡ ಲಕೋಟೆಯೊಂದನ್ನು ಬೈಂಡರ್‌ಗೆ ಕೊಟ್ಟರು. ಮನೆಯಲ್ಲಿ ಆ ಮಾತೇ ಬರಲಿಲ್ಲ. "ಕೊಟ್ಟೆಯಾ?" "ಕೊಟ್ಟೆ." ಅಷ್ಟೇ.

ಬೈಂಡರ್ ಕೆಲಸದಲ್ಲಿ ಗಟ್ಟಿಗ. ಎರಡು ಹೋಳನ್ನೂ ಒಂದು ರಟ್ಟಿನ ಮೇಲೆ ಸರೇಸಿನ ಅಂಟು ಬಳಿದು ಕೂರಿಸಿ, ಇಡೀ ದಿನ ಪ್ರೆಸ್ಸಿನಡಿ ಇಟ್ಟು, ಕಾಗದ ಸುತ್ತಿ ಶನಿವಾರ ಸಂಜೆ ತಲುಪಿಸಿದ. "ಇನ್ನು ನೂರು ವರ್ಷ ಬಿಡಲ್ಲ ಸಾರ್!"

ಭಾನುವಾರ ಮಗಳೂ ಹುಡುಗನೂ ಬಂದರು. ಮಗಳು ಪೇನಾದ ಮುಚ್ಚಳ ತೆಗೆದಿಟ್ಟುಕೊಂಡೇ ಸುತ್ತಿದ ಕಾಗದ ಬಿಚ್ಚಿದಳು. "ಅಯ್ಯೋ ಅಮ್ಮ, ಎಷ್ಟು ಚೆನ್ನಾಗಿದೆ!" ಎಂದವಳ ಕಣ್ಣಲ್ಲಿ ನೀರು. ಮಹಾಶಯರ ಎದೆ ಎರಡಂಗುಲ ಉಬ್ಬಿತು. ಅವಳು ಒಂದು ದಾರದ ಮೇಲೆ ಬೆರಳಿಟ್ಟು ಎಡದಿಂದ ಹೊರಟಳು. ಮೇಲೆ, ಕೆಳಗೆ, ಮೇಲೆ, ಕೆಳಗೆ... ನಡುವಿನ ಜೋಡಣೆ ದಾಟಿತು. ಕೆಳಗೆ.

ಬೆರಳು ನಿಂತಿತು.

"ಅಪ್ಪ, ಇಲ್ಲಿ ಏನಾಯ್ತು?"

ಮಹಾಶಯರು ಬಗ್ಗಿ ನೋಡಿದರು. ಮೊದಲು ಮೇಲೆ-ಮೇಲೆ ಇದ್ದದ್ದು ಈಗ ಕೆಳಗೆ-ಕೆಳಗೆ ಇತ್ತು. "ಸಾಧ್ಯವೇ ಇಲ್ಲ! ನಾನು ಎಲ್ಲವನ್ನೂ ಬದಲಾಯಿಸಿದೆನಲ್ಲ!"

"ಏನು?" ಟೀಚರ್ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. "ನೀವೂ ಬದಲಾಯಿಸಿದ್ರಾ?"

"ನೀವೂ ಅಂದ್ರೆ?"

"ಶಾಲೆಯಲ್ಲಿ ಕೂತು ಎರಡು ದಿನ ಕಣ್ಣು ಸವೆಸಿಕೊಂಡು ನನ್ನದನ್ನ ಬದಲಾಯಿಸಿದೆ ನಾನು!"

ಹುಡುಗನಿಗೆ ನಗು ಬಂತು, ಮಗಳ ಮುಖ ನೋಡಿ ನುಂಗಿಕೊಂಡ.

"ಒಬ್ಬರಾದ್ರೂ ಇನ್ನೊಬ್ಬರಿಗೆ ಹೇಳ್ಲಿಲ್ವಾ?" ಎಂದಳು ಮಗಳು. "ಒಂದೇ ಮನೆ, ಎರಡು ಕೋಣೆ, ನಡುವೆ ಬಾಗಿಲೂ ಇಲ್ಲ. ಬಿಟ್ಟುಕೊಡೋದನ್ನೂ ಕದ್ದು ಮಾಡ್ತೀರಲ್ಲ!"

ಮಗಳು ಪೇನಾದ ಮುಚ್ಚಳ ಹಾಕಿದಳು. ಹುಡುಗನ ಕಡೆ ತಿರುಗಿ, "ಈ ಹಾಳೆ ಬೇಡ. ನಾವೇ ಬರೆಯೋಣ. ಒಂದೇ ಹಾಳೆ, ಒಂದೇ ಮೇಜು. ಮುಗಿದ್ರೆ ಆ ದಿನ ತಾರೀಖು. ಮುಗೀದಿದ್ರೆ ಇಲ್ಲ," ಎಂದಳು.

ಹುಡುಗನ ಮುಖ ಸಪ್ಪೆಯಾಯಿತು. ಆದರೂ ಗಡಿಯಾರದವನು, ಮಹಾಶಯರನ್ನೇ ಮೆಲ್ಲಗೆ ಕೇಳಿದ: "ಇಬ್ಬರ ಕೈ ಹೊಂದಿಕೊಳ್ಳೋಕೆ ಅಂದಾಜು ಎಷ್ಟು ದಿನ ಹಿಡಿಯುತ್ತೆ ಮಾವ?"

ಮಹಾಶಯರು ಅಂಟಿದ ಜೋಡಣೆಯನ್ನು ಉಗುರಿನಿಂದ ಕೆರೆಯುತ್ತಿದ್ದರು.

"ಹೇಳಿ," ಎಂದರು ಟೀಚರ್. ಧ್ವನಿಯಲ್ಲಿ ಮೊನೆ ಇರಲಿಲ್ಲ, ದಣಿವಿತ್ತು. "ಮದುವೆಯ ವಾರ ನಮ್ಮಣ್ಣ ನಿಮ್ಮನ್ನ ಇದೇ ಮಾತು ಕೇಳಿದ್ದ. ನನ್ನ ಮುಂದೆಯೇ ಬೆರಳು ಮಡಚಿ ಲೆಕ್ಕ ಹಾಕಿ, ಜೋರಾಗಿ ಹೇಳಿದ್ರಲ್ಲ. ಅದನ್ನೇ ಹೇಳಿ."

ಮಹಾಶಯರು ಕನ್ನಡಕ ತೆಗೆದು ಒರೆಸಿಕೊಂಡರು.

"ಹನ್ನೊಂದು ದಿನ."