ಪ್ರಗತಿ ನಕ್ಷೆಯ ಮೇಲೆ ಕೆಂಪು ಟಿಕಳಿ

ಕನ್ನಡ ವ್ಯಾಕರಣವನ್ನು ಅಂಕಿ ಅಂಶಗಳ ಮೂಲಕ ಉದ್ಧಾರ ಮಾಡಲು ಈ ನಾಡಿನಲ್ಲಿ ಯಾರಾದರೂ ಹುಟ್ಟಿದ್ದರೆ ಅದು ನಾನೇ ಎಂಬ ಸಂಗತಿ ನನಗೆ ಗೊತ್ತಾದದ್ದು ಸವದತ್ತಿಯ ತರಬೇತಿಯಲ್ಲಿ, ಮಧ್ಯಾಹ್ನದ ಊಟವಾದ ಮೇಲೆ. ಉಳಿದ ಶಿಕ್ಷಕರೆಲ್ಲ ತೂಕಡಿಸುತ್ತಿದ್ದರು. ನಾನೊಬ್ಬನೇ ಎಚ್ಚರವಿದ್ದೆ. ಮುಂದಿನ ಎಲ್ಲ ಅನಾಹುತಕ್ಕೂ ಅದೇ ಕಾರಣ!

ತರಬೇತಿಯ ಸಾರ ಇಷ್ಟೇ. ಎಲ್ಲ ಮಕ್ಕಳಿಗೂ ಎಲ್ಲ ಪಾಠವನ್ನೂ ಒಂದೇ ಸಮ ಹೇಳುತ್ತ ಹೋಗಬೇಡಿ. ಆಗಾಗ ಬರೆಸಿ ನೋಡಿ. ಯಾರಿಗೆ ವಿಭಕ್ತಿ ಬಾರದು, ಯಾರಿಗೆ ಒತ್ತಕ್ಷರ ಬಾರದು, ಯಾರು ಪೂರ್ಣವಿರಾಮದ ಗೊಡವೆಗೇ ಹೋಗುವುದಿಲ್ಲ ಎಂದು ಗುರುತು ಹಾಕಿಕೊಳ್ಳಿ. ಯಾರಿಗೆ ಏನು ಕಡಿಮೆಯೋ ಅವರಿಗೆ ಅದನ್ನೇ ಕಲಿಸಿ. ಕೊನೆಗೆ ಇಲಾಖೆಯ ಸಾಹೇಬರು ಎದ್ದು, ತಿಂಗಳ ಕೊನೆಗೆ ತಾವೇ ಒಂದು ಶಾಲೆಗೆ ಬಂದು ಈ ಪ್ರಯೋಗ ನೋಡುವುದಾಗಿಯೂ, ಚೆನ್ನಾಗಿದ್ದರೆ ಅದನ್ನು ಸವದತ್ತಿಯಲ್ಲಿ ಎಲ್ಲ ಶಿಕ್ಷಕರ ಮುಂದೆ ಮಾಡಿ ತೋರಿಸಲು ಕರೆಸುವುದಾಗಿಯೂ ಹೇಳಿದರು. ಅವರ ವಾಕ್ಯ ಮುಗಿಯುವ ಮೊದಲೇ ನನ್ನ ಕೈ ಮೇಲೆ ಇತ್ತು.

ಬೈಲಹೊಂಗಲದ ಮನೆ ತಲುಪಿ ಚಪ್ಪಲಿ ಬಿಡುವಷ್ಟರಲ್ಲಿ ಹೆಂಡತಿ ಗಂಗಾಳಿಗೆ ಎಲ್ಲವನ್ನೂ ವಿವರಿಸಿದೆ. ಗಂಗಾ ಊರಿನ ದವಾಖಾನೆಯಲ್ಲಿ ನರ್ಸ್.

"ನಾವು ದಿನಾ ಮಾಡೂದು ಇದನ್ನ ಅಲ್ರಿ?" ಎಂದಳು. "ಜ್ವರ ನೋಡ್ತೇವಿ, ಬರ್ಕೋತೇವಿ, ಯಾರಿಗೆ ಯಾವ ಗುಳಿಗಿ ಬೇಕೋ ಅದನ್ನ ಕೊಡ್ತೇವಿ. ಇದಕ್ಕ ಸವದತ್ತಿ ಮಟ ಹೋಗಬೇಕಾಗಿತ್ತಾ?"

"ಇದು ಶೈಕ್ಷಣಿಕ, ಗಂಗಾ."

ಆಕೆ ಚಹಾಕ್ಕೆ ನೀರಿಡಲು ಒಳಗೆ ಹೋದಳು. ಉತ್ತರ ಕೊಡುವಂಥ ಮಾತು ಅದಲ್ಲ ಎಂದು ಅನಿಸಿರಬೇಕು. ನಾನು ರಾಮದುರ್ಗದ ಮಾವನವರಿಗೆ ಫೋನ್ ಮಾಡಿ, ಸವದತ್ತಿಯಲ್ಲಿ ನನ್ನ ಕಾರ್ಯಕ್ರಮ ಇದೆ ಎಂದೆ. "ಇದೆ" ಎಂಬುದು ಆ ಹೊತ್ತಿಗೆ ಸ್ವಲ್ಪ ಅವಸರದ ಮಾತಾಗಿತ್ತು.

ನಾನು ಕಲಿಸುವುದು ಸಂಗೊಳ್ಳಿ ಕಡೆಯ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ, ಏಳನೆಯ ತರಗತಿಗೆ. ಮೊದಲ ದಿನ "ನಮ್ಮ ನವಿಲುತೀರ್ಥ ಪ್ರವಾಸ" ಎಂದು ಬರೆಯಲು ಹೇಳಿದೆ. ರೇಣುಕಾ ಎಂಬ ಹುಡುಗಿ ಎಂದಿನಂತೆ ಅಂದವಾಗಿ ಬರೆದಿದ್ದಳು. ಒಂದೂ ತಪ್ಪಿಲ್ಲ. ಟಿಕ್ ಹಾಕಿ ಮುಂದೆ ಹೋದೆ. ಆಕೆಯ ಬಾಜೂ ಮನೆಯ ಬಸು ಬರೆದದ್ದು ಮಾತ್ರ ಬೇರೆ ಥರ. ಅವನ ಬಸ್ಸು ಊರು ಬಿಟ್ಟದ್ದು ಎಲ್ಲಿಯೂ ಪೂರ್ಣವಿರಾಮಕ್ಕೆ ನಿಲ್ಲದೆ ಮುನವಳ್ಳಿ ಮುಟ್ಟಿ, ಅಣೆಕಟ್ಟು ನೋಡಿ, ಊಟ ಮಾಡಿ, ಇಬ್ಬರಿಗೆ ವಾಂತಿ ಮಾಡಿಸಿ, ಅದೇ ವಾಕ್ಯದಲ್ಲಿ ವಾಪಸು ಬಂದಿತ್ತು!

ಒಂದು ದೊಡ್ಡ ಹಾಳೆಯ ಮೇಲೆ ಪ್ರಗತಿ ನಕ್ಷೆ ಬರೆದೆ. ಚೆನ್ನಾಗಿ ಬರೆಯುವವರ ಹೆಸರಿನ ಮುಂದೆ ಹಸಿರು ಚುಕ್ಕೆ, ನಡುವಿನವರಿಗೆ ಹಳದಿ, ಬಸುವಿನಂಥ ನಾಲ್ಕೈದು ಜನರಿಗೆ ಕೆಂಪು. ಅಂಟಿಸುವ ಚುಕ್ಕೆ ಎಲ್ಲಿ ಸಿಗುತ್ತದೆ ಎಂದು ಯೋಚಿಸುವಾಗ ಗಂಗಾಳ ಕನ್ನಡಿಯ ಕೆಳಗಿನ ಟಿಕಳಿ ಪಾಕೀಟುಗಳು ಕಂಡವು. ಹಣೆಗೆ ಹಚ್ಚುವ ಟಿಕಳಿ ವ್ಯಾಕರಣಕ್ಕೂ ಬಂತು. ಮೂರೂ ಬಣ್ಣ ಇದ್ದವು. ದೇವರು ನನ್ನ ಕಡೆಗೇ ಇದ್ದಾನೆ ಎಂದುಕೊಂಡೆ.

ಕೆಂಪು ಗುಂಪಿಗೆ ಶಾಲೆ ಬಿಟ್ಟ ಮೇಲೆ ವಿಶೇಷ ತರಗತಿ. ಮೊದಲ ದಿನ ವಿಭಕ್ತಿ ಪ್ರತ್ಯಯ ಹೇಳುತ್ತಿದ್ದರೆ ಬಸು ಎಷ್ಟು ದೊಡ್ಡದಾಗಿ ಆಕಳಿಸಿದನೆಂದರೆ ಸಪ್ತಮಿ ವಿಭಕ್ತಿಯವರೆಗೂ ಆ ಬಾಯಿ ಮುಚ್ಚಲಿಲ್ಲ. ಪಾಪ, ಬಿಸಿಯೂಟ ಮಾಡಿ ಎಷ್ಟೋ ಹೊತ್ತಾಗಿತ್ತು. ಹಸಿದ ಹೊಟ್ಟೆಗೆ ವ್ಯಾಕರಣ ಇಳಿಯುವುದಿಲ್ಲ ಎಂದು ನನಗೆ ಹೊಳೆಯಿತು. ಮರುದಿನದಿಂದ ನಾನೇ ಸುಸಲಾ ಮಾಡತೊಡಗಿದೆ.

ಇಲ್ಲಿ ಒಂದು ಮಾತು ಹೇಳಬೇಕು. ನನಗೆ ಬರುವ ಅಡುಗೆ ಅದೊಂದೇ. ಧಾರವಾಡದಲ್ಲಿ ಓದುವಾಗ ಬಾಡಿಗೆ ಖೋಲಿಯಲ್ಲಿ ಕಲಿತದ್ದು. ಚುರುಮುರಿ ನೆನೆಸಿ, ಹಿಂಡಿ, ಉಳ್ಳಾಗಡ್ಡಿ ಹಸಿಮೆಣಸಿನಕಾಯಿಯ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಹಿಟ್ಟು ಉದುರಿಸುವುದು. ಮುಖ್ಯೋಪಾಧ್ಯಾಯಿನಿ ಬಾಯಾರು ಬಿಸಿಯೂಟದ ಕೋಣೆಯ ಕೀಲಿಕೈ ಕೊಟ್ಟು, "ಏನರ ಮಾಡ್ಕೋರಿ ಮಾಸ್ತರ, ಒಲಿ ಆರಿಸಿ ಹೋಗ್ರಿ" ಎಂದರು. ಸುಸಲಾ ತಿನ್ನುತ್ತ ಮಕ್ಕಳ ಜೊತೆ ನೆಲದ ಮೇಲೆ ಕುಳಿತು ಅವರು ಬರೆದದ್ದನ್ನು ಓದಿಸುವುದು, ತಪ್ಪು ತಿದ್ದುವುದು, ನಗುವುದು. ನನಗೂ ಹಿತವಾಗಿತ್ತು.

ಎರಡನೆಯ ವಾರ ಬರೆಸಿ ನೋಡಿದೆ. ಕೆಂಪು ಗುಂಪು ಕಡಿಮೆ ಆಗಬೇಕಿತ್ತು. ಹೆಚ್ಚಾಗಿತ್ತು!

ಹಳದಿಯವರು ಅರ್ಧ ಜನ ಕೆಂಪಿಗೆ ಇಳಿದಿದ್ದರು. ನಾನು ಎದೆಗುಂದಲಿಲ್ಲ. ಸಮಸ್ಯೆ ಈಗ ಬಯಲಿಗೆ ಬರುತ್ತಿದೆ ಎಂದು ವಹಿಯಲ್ಲಿ ಬರೆದೆ. ವಿಶೇಷ ತರಗತಿಯನ್ನು ಇನ್ನರ್ಧ ತಾಸು ಲಂಬಿಸಿದೆ. ಸುಸಲಾದ ಪ್ರಮಾಣವನ್ನೂ ಹೆಚ್ಚಿಸಿದೆ.

ಅಂದೇ ಸಂಜೆ ರೇಣುಕಾಳ ತಾಯಿ ಕಾಶವ್ವ ಶಾಲೆಯ ಬಾಗಿಲಿಗೆ ಬಂದು ನಿಂತಳು. ಮುಖ ಬಿಗಿದಿತ್ತು.

"ಸರ, ನನ್ನ ಮಗಳು ಏನ್ ತಪ್ಪ ಮಾಡ್ಯಾಳಂತ ಆಕಿನ್ನ ಹಸಿರಿನ್ಯಾಗ ಒಗದೀರಿ?"

"ತಪ್ಪು ಮಾಡಿಲ್ಲಂತನ ಹಸಿರು, ಯವ್ವಾ. ಆಕಿ ಭಾಳ ಶಾಣ್ಯಾ ಅದಾಳ."

"ತಪ್ಪ ಮಾಡಿಲ್ಲಂದ್ರ ಮತ್ಯಾಕ ಹಸದ್ ಹೊಟ್ಟೀಲೆ ಮನಿಗೆ ಕಳಸ್ತೀರಿ? ಬಾಜೂ ಮನಿ ಬಸ್ಯಾ ದಿನಾ ಬಂದು ಸುಸಲಾದ ಸುದ್ದಿ ಹೇಳ್ತಾನ. ಈಕಿ ಮಾರಿ ಸಣ್ಣದು ಮಾಡ್ಕೊಂಡು ಕುಂದರತಾಳ."

ನಾನು ಗಂಟಲು ಸರಿಪಡಿಸಿಕೊಂಡು, ಕಲಿಕೆಯ ಅಂತರ, ಗುರಿ ಆಧಾರಿತ ಬೋಧನೆ, ಸಮಾನ ಅವಕಾಶ ಇತ್ಯಾದಿಗಳ ಬಗ್ಗೆ ವಿವರವಾಗಿ ಮಾತಾಡಿದೆ. ಕಾಶವ್ವ ಸಮಾಧಾನದಿಂದ ಪೂರ್ತಿ ಕೇಳಿದಳು.

"ಅದೆಲ್ಲಾ ನನಗ ತಿಳಿಯಂಗಿಲ್ರಿ ಸರ. ಆಕಿನ್ನ ಕೆಂಪಿಗೆ ಹಾಕ್ರಿ."

ಹಾಗೆ ವಶೀಲಿ ಮೇಲೆ ಯಾರನ್ನೂ ದಡ್ಡರನ್ನಾಗಿ ಮಾಡಲು ಬರುವುದಿಲ್ಲ ಎಂದು ನಾನು ಖಡಾಖಂಡಿತವಾಗಿ ಹೇಳಿದೆ. ಮುಂದಿನ ವಾರ ರೇಣುಕಾ ಯಾರ ವಶೀಲಿಯೂ ಇಲ್ಲದೆ, ಸ್ವಂತ ಬಲದ ಮೇಲೆ ಕೆಂಪಿಗೆ ಬಂದಳು!

ಆ ದಿನ ನನಗೆ ಊಟ ಸೇರಲಿಲ್ಲ. ರೇಣುಕಾ! ಸಾಹೇಬರ ಮುಂದೆ ನಿಲ್ಲಿಸಬೇಕೆಂದು ನಾನು ಇಟ್ಟುಕೊಂಡಿದ್ದ ಹುಡುಗಿ! ಮಕ್ಕಳಿಗೆ ಏನೋ ಆಗಿದೆ ಎಂದು ಕಾರಣ ಹುಡುಕಲು ಕುಳಿತೆ. ಕ್ರಿಕೆಟ್ ಎಂದುಕೊಂಡೆ. ಆದರೆ ಹುಡುಗಿಯರೂ ಬಿದ್ದಿದ್ದರು. ಮೊಬೈಲ್ ಎಂದುಕೊಂಡೆ. ಅರ್ಧ ಜನರ ಮನೆಯಲ್ಲಿ ಅದು ಅಪ್ಪನ ಕಿಸೆ ಬಿಟ್ಟು ಹೊರಗೇ ಬರುವುದಿಲ್ಲ. ಇನ್ನೊಂದು ವಿಚಿತ್ರ ಕಂಡಿತು. "ನಾಳೆ ಒತ್ತಕ್ಷರ ಕಲಿಸುತ್ತೇನೆ" ಎಂದು ಹೇಳಿದ ದಿನ ಇಡೀ ವರ್ಗ ಒತ್ತಕ್ಷರವನ್ನೇ ತಪ್ಪುತ್ತಿತ್ತು. "ನಾಳೆ ವಿಭಕ್ತಿ" ಎಂದರೆ ವಿಭಕ್ತಿ. ಮುಂದೆ ಬರುವ ತಪ್ಪನ್ನು ಮೊದಲೇ ಗುರುತಿಸುವ ಶಕ್ತಿ ನನಗೆ ಬಂದಿದೆ ಎಂದು ನಾನು ತಿಳಿದುಕೊಂಡೆ. ನಗಬೇಡಿ, ಖಂಡಿತ ಹಾಗೆಯೇ ತಿಳಿದುಕೊಂಡೆ.

ಮನೆಯಲ್ಲಿ ಕೆಂಪು ಟಿಕಳಿ ಖಾಲಿಯಾದವು.

"ನಿಮ್ಮ ಸಾಲಿ ಉದ್ಧಾರ ಆಗ್ಲಿ, ಬ್ಯಾಡ ಅನ್ನಂಗಿಲ್ಲ," ಎಂದಳು ಗಂಗಾ, ಬರಿದಾದ ಪಾಕೀಟು ಹಿಡಿದು. "ನಾ ಬರೇ ಹಣೀಲೆ ಡ್ಯೂಟಿಗೆ ಹೋಗ್ಲೇನು?"

ಬಳೆ ಅಂಗಡಿಗೆ ಹೋಗಿ ಕೆಂಪು ಟಿಕಳಿ ಇದ್ದಷ್ಟೂ ಕೊಡಿ ಎಂದೆ. ಅಂಗಡಿಯಾಕೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಮನ್ಯಾಗ ಏನ್ ಕಾರ್ಯಕ್ರಮ ಐತ್ರಿ?" ಎಂದು ಕೇಳಿದಳು. "ವ್ಯಾಕರಣ" ಎಂದೆ. ಆಕೆ ಇದ್ದಷ್ಟನ್ನೂ ಲಗುಬಗೆಯಿಂದ ಕಟ್ಟಿಕೊಟ್ಟಳು.

ಟಿಕಳಿ ತಂದುಕೊಟ್ಟು, ನನ್ನ ಸಂಕಟವನ್ನೆಲ್ಲ ಗಂಗಾಳ ಮುಂದೆ ತೋಡಿಕೊಂಡೆ. ಆಕೆ ಒಂದು ಟಿಕಳಿ ಹಣೆಗೆ ಹಚ್ಚಿಕೊಂಡು ನನ್ನ ಕಡೆ ತಿರುಗಿದಳು.

"ಅಲ್ರಿ, ನಮ್ಮ ವಾರ್ಡಿನ್ಯಾಗ ಪೇಶಂಟ್‌ಗೆ ದಿನಾ ಸಂಜಿಮುಂದ ಬಿಸಿ ಸುಸಲಾ ಕೊಟ್ರ, ಯಾರರ ಆರಾಮ ಆಗೇನಿ ಅಂತ ಮನಿಗೆ ಹೋಗ್ತಾರೇನು?"

"ಗಂಗಾ, ಸುಸಲಾಕ್ಕೂ ವಿಭಕ್ತಿಗೂ ಸಂಬಂಧ ಐತಿ ಅನ್ನಾಕ ಯಾವ ಡೇಟಾನೂ ಇಲ್ಲ."

"ಆತು ಬಿಡ್ರಿ," ಎಂದು ಆಕೆ ಎದ್ದು ಹೋದಳು.

ಸಾಹೇಬರು ಬಂದ ದಿನ ನಕ್ಷೆಯ ಮೇಲೆ ಹುಡುಕಿದರೂ ಒಂದು ಹಸಿರು ಚುಕ್ಕೆ ಇರಲಿಲ್ಲ. ಅದನ್ನು ತೆಗೆದು ಒಳಗೆ ಇಡೋಣವೆಂದರೆ ಬಾಯಾರು ಆಗಲೇ ಅವರನ್ನು ಕರೆದುಕೊಂಡು ಬಂದುಬಿಟ್ಟಿದ್ದರು. ಸಾಹೇಬರು ಕನ್ನಡಕ ಏರಿಸಿ ನೋಡಿದರು.

"ಏನ್ರೀ ಮಾಸ್ತರ, ನಿಮ್ಮ ನಕ್ಷಿಗೆ ದಡಾರ ಬಂದೈತಿ!"

ನನ್ನ ಕಣ್ಣ ಮುಂದೆ ಸವದತ್ತಿ, ರಾಮದುರ್ಗ, ಮಾವನವರು ಎಲ್ಲ ಒಟ್ಟಿಗೆ ಸುಳಿದು ಹೋದರು. "ಪರಿಸ್ಥಿತಿ ಗಂಭೀರ ಐತ್ರಿ ಸರ್. ಆದರೆ ಪ್ರಾಮಾಣಿಕ ಐತಿ," ಎಂದೆ. ಸಾಹೇಬರು ಬಸುವನ್ನು ಎಬ್ಬಿಸಿ, ನಿಮ್ಮೂರಿನ ಬಗ್ಗೆ ಬೋರ್ಡಿನ ಮೇಲೆ ಬರೆ ಎಂದರು. ಅಂದಿನ ವಿಶೇಷ ತರಗತಿ ಏಕವಚನ ಬಹುವಚನದ್ದು. ಬಸು ಸೀಮೆಸುಣ್ಣ ತೆಗೆದುಕೊಂಡು ಧೈರ್ಯದಿಂದ ಬರೆದ.

"ನಮ್ಮ ಊರಿನಲ್ಲಿ ಎತ್ತುಗಳು ಇದೆ. ಹುಡುಗರು ಬಯಲಿನಲ್ಲಿ ಆಡುತ್ತಾನೆ. ಹೆಂಗಸರು ಹೊಲದಿಂದ ಬಂದು ರೊಟ್ಟಿ ಬಡಿಯುತ್ತಾಳೆ."

ನಾನು ಕಣ್ಣು ಮುಚ್ಚಿಕೊಂಡೆ. ಸಾಹೇಬರು ಮಾತ್ರ ಬೋರ್ಡಿನ ಹತ್ತಿರ ಹೋಗಿ ಬಹಳ ಹೊತ್ತು ನಿಂತರು.

"ಒತ್ತಕ್ಷರ ಬರೋಬ್ಬರಿ ಐತಿ. ವಿಭಕ್ತಿ ಬರೋಬ್ಬರಿ ಐತಿ. ಎಲ್ಲಾ ಸಾಲಿಗೂ ಪೂರ್ಣವಿರಾಮ ಐತಿ. ತಪ್ಪಿದ್ದು ಒಂದ ಜಾತಿ ತಪ್ಪು." ಅವರು ಬಸುವಿನ ಕಡೆ ತಿರುಗಿದರು. "ತಮ್ಮಾ, ಇದರಾಗ ಎಲ್ಲಿ ತಪ್ಪೈತಿ, ಹೇಳ್ತಿಯೇನು?"

ಬಸು ನನ್ನ ಮುಖ ನೋಡಿದ. ಆಮೇಲೆ ಡಸ್ಟರ್ ತೆಗೆದುಕೊಂಡು ಪಟಪಟನೆ ಮೂರೂ ವಾಕ್ಯ ತಿದ್ದಿಬಿಟ್ಟ! ಒಂದು ಪ್ರವಾಸವನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದ ಅದೇ ಬಸು!

"ಗೊತ್ತಿದ್ದು ಯಾಕ ತಪ್ಪ ಬರದಿ?"

"ಸರಿ ಬರದ್ರ ಹಸಿರಾಗತೇನ್ರಿ ಸರ. ಹಸಿರಾದ್ರ ಸುಸಲಾ ಇಲ್ರಿ."

ಕಾಲ ಕೆಳಗಿನ ನೆಲ ಬಾಯಿ ತೆರೆದರೆ ಒಳಗೆ ಹೋಗಲು ನಾನು ಸಿದ್ಧನಿದ್ದೆ. ಅಷ್ಟರಲ್ಲಿ ರೇಣುಕಾ ಎದ್ದು ನಿಂತಳು.

"ಅಂವಗ ಬೈಬ್ಯಾಡ್ರಿ ಸರ. ನಾನ ಕಲಿಸೀನ್ರಿ. ಮೊದಲ ಇಂವ ಎಲ್ಲಾ ತಪ್ಪನೂ ಒಮ್ಮಿಗೇ ಮಾಡ್ತಿದ್ದನ್ರಿ. ಹಂಗ ಮಾಡಿದ್ರ ಸರ್‌ಗೆ ಸಂಶೆ ಬರ್ತೈತಿ ಅಂತ, ಯಾವತ್ತ ಯಾವ ತಪ್ಪ ಮಾಡಬೇಕು, ಯಾವದು ಸರಿ ಬರೀಬೇಕು ಅಂತ ಎಲ್ಲಾರಿಗೂ ದಿನಾ ಹೇಳಿಕೊಡ್ತೇನ್ರಿ."

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ಬಾಯಾರು ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು. ಸರಿಯಾಗಿ ತಪ್ಪು ಮಾಡಬೇಕಾದರೆ ಸರಿ ಯಾವುದೆಂದು ಗೊತ್ತಿರಬೇಕಲ್ಲ! ನನ್ನ ಇಡೀ ವರ್ಗ ವ್ಯಾಕರಣ ಕಲಿತುಬಿಟ್ಟಿತ್ತು. ಅದು ಗೊತ್ತಿಲ್ಲದವನು ನಾನೊಬ್ಬನೇ. ನನ್ನ ಹತ್ತಿರ ಡೇಟಾ ಇತ್ತಲ್ಲ!

"ಅಲ್ಲವ್ವಾ, ನಿಮ್ಮವ್ವ ಮನ್ಯಾಗ ಸುಸಲಾ ಮಾಡೂದಿಲ್ಲೇನು?" ಎಂದು ಸಾಹೇಬರು ಕೇಳಿದರು.

"ಮಾಡ್ತಾಳ್ರಿ. ಸರ್‌ಗಿಂತ ಚಲೋ ಮಾಡ್ತಾಳ್ರಿ." ರೇಣುಕಾ ತನ್ನ ಕಾಲಬೆರಳು ನೋಡಿಕೊಂಡಳು. "ಆದ್ರ ಹಸಿರಿದ್ದಾಗ ಸರ್ ಟಿಕ್ ಹಾಕಿ ಮುಂದ ಹೋಗಿಬಿಡ್ತಿದ್ರು. ಕೆಂಪಿದ್ರ ಬಾಜೂಕ ಕುಂತು ಬರದದ್ದು ಎಲ್ಲಾ ಓದ್ತಾರ್ರಿ. ನಗ್ತಾರ್ರಿ."

ಹಸಿರಿದ್ದಷ್ಟು ದಿನ ಆ ಹುಡುಗಿ ಅಷ್ಟು ಚೆಂದ ಬರೆದದ್ದನ್ನು ನಾನು ಪೂರ್ತಿ ಓದಿಯೇ ಇರಲಿಲ್ಲ. ತಪ್ಪಿದೆಯೋ ಇಲ್ಲವೋ ನೋಡಿದ್ದೆ, ಅಷ್ಟೇ. ಕಣ್ಣಲ್ಲಿ ನೀರು ಬಂತು. ಬೆಳಗ್ಗೆ ಹೆಚ್ಚಿದ ಉಳ್ಳಾಗಡ್ಡಿಯ ಘಾಟು ಇನ್ನೂ ಹೋಗಿಲ್ಲ ಎಂದು ಸಾಹೇಬರಿಗೆ ಹೇಳಿದೆ. ಅವರು ನಂಬಿದಂತೆ ಮಾಡಿದರು. ಸಂಜೆ ಮಕ್ಕಳ ಸಾಲಿನಲ್ಲಿ ಕುಳಿತು ಸುಸಲಾ ತಿಂದು, ಇನ್ನಷ್ಟು ಹಾಕಿಸಿಕೊಂಡು, ಏನೂ ಹೇಳದೆ ಜೀಪು ಹತ್ತಿದರು.

ಈಗ ನಮ್ಮ ವರ್ಗದಲ್ಲಿ ಸುಸಲಾಕ್ಕೆ ಬಣ್ಣವಿಲ್ಲ. ಶನಿವಾರ ಎಲ್ಲರೂ ಸುತ್ತ ಕೂಡುತ್ತೇವೆ, ಎಲ್ಲರೂ ತಾವು ಬರೆದದ್ದನ್ನು ಓದುತ್ತಾರೆ, ನಾನು ಎಲ್ಲರದೂ ಕೇಳುತ್ತೇನೆ. ನಕ್ಷೆ ಹಚ್ಚಗೆ ಹಸಿರಾಗಿದೆ. ಬಸು ಕೂಡ ಹಸಿರು, ಮತ್ತು ಅದರ ಬಗ್ಗೆ ಅವನಿಗೆ ಯಾವ ಬೇಸರವೂ ಇಲ್ಲ.

ಮೊನ್ನೆ ಸಾಹೇಬರ ಫೋನ್ ಬಂತು. ಸವದತ್ತಿಯ ಕಾರ್ಯಕ್ರಮ ನಿಮ್ಮ ಶಾಲೆಯದೇ ಎಂದರು. ನಾನು ಕುರ್ಚಿಯಿಂದ ಎದ್ದು ನಿಂತೆ. ಹೊಸ ನಕ್ಷೆ, ವಿವರಣೆ, ಪೀಠಿಕೆಯ ಭಾಷಣ ಎಲ್ಲ ಸಿದ್ಧಪಡಿಸುತ್ತೇನೆ ಎಂದೆ.

"ಅದೇನ್ ಬ್ಯಾಡ್ರಿ ಮಾಸ್ತರ. ಹೆಂಗ ಕಲತ್ರು ಅನ್ನೂದನ್ನ ರೇಣುಕಾ, ಬಸು ಹೇಳ್ತಾರ. ನೀವು ಸುಸಲಾ ಮಾಡಾಕ ಒಂದ್ ದೊಡ್ಡ ಬೋಗೋಣಿ ತರ್ರಿ. ಶಿಕ್ಷಕರು ಭಾಳ ಮಂದಿ ಬರ್ತಾರ."

ಫೋನ್ ಇಟ್ಟು ಗಂಗಾಳಿಗೆ ಹೇಳಿದೆ. ಆಕೆ ಕನ್ನಡಿಯ ಹತ್ತಿರ ಹೋಗಿ, ಒಂದು ಕೆಂಪು ಟಿಕಳಿ ತಂದು ನನ್ನ ಅಂಗಿಯ ಕಿಸೆಯ ಮೇಲೆ ಅಂಟಿಸಿದಳು.

"ಸಾಲಿಯೊಳಗ ಇನ್ನ ನೀವೊಬ್ರ ಉಳಿದೀರಿ ನೋಡ್ರಿ, ಕೆಂಪು."

"ಹಂಗಾದ್ರ ಕೆಂಪಿನವ್ರಿಗೆ ಸುಸಲಾ ಕೊಡಬೇಕಲ್ಲ?" ಎಂದೆ, ಆಸೆಯಿಂದ.

"ಮಾಡ್ಕೊಂಡ್ ತಿನ್ರಿ," ಎಂದು ಗಂಗಾ ಡ್ಯೂಟಿಗೆ ಹೋದಳು.

ನಾನು ಒಳಗೆ ಹೋಗಿ ಚುರುಮುರಿ ನೆನೆಹಾಕಿದೆ.