ಡಾಕ್ಟ್ರಮ್ಮನ ಜೀಪಿಗೊಂದು ಸೈಲೆನ್ಸರ್

ಜೀಪು ಓಡಿಸುವ ಹೆಂಗಸಿಗೆ ನಮ್ಮ ಕಡೆ ಧೂಳಿಗೂ ಕೊರತೆಯಿಲ್ಲ, ಬುದ್ಧಿ ಹೇಳುವವರಿಗೂ ಕೊರತೆಯಿಲ್ಲ. ನಾನು ದನದ ಡಾಕ್ಟರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಅಂತ ಈ ನಾಲ್ಕು ತಾಲ್ಲೂಕಿನೊಳಗೇ ವರ್ಗವಾಗುತ್ತ ಇಪ್ಪತ್ತು ವರ್ಷ ಕಳೆದಿದ್ದೇನೆ. ಲಸಿಕೆಯ ಕಾಲ ಬಂತೆಂದರೆ ಎಲ್ಲಿ ಡಾಕ್ಟರು ಕಡಿಮೆಯೋ ಅಲ್ಲಿಗೆ ನನ್ನನ್ನೇ ಅಟ್ಟುತ್ತಾರೆ. ಓಡಾಟಕ್ಕೆ ನನ್ನದೇ ಒಂದು ಹಳೇ ಡೀಸೆಲ್ ಜೀಪು. ಕಳೆದ ಸಲ ಲಸಿಕೆ ಹಾಕುತ್ತಿದ್ದ ಹೊತ್ತಿನಲ್ಲೇ ಅದರ ಸೈಲೆನ್ಸರ್ ತೂತು ಬಿತ್ತು. ಹೊಸದೊಂದು ಹಾಕಿಸಬೇಕು, ಅಷ್ಟೇ ತಾನೇ? ಆದರೆ ಅದು ಎಂಥದಿರಬೇಕು ಅನ್ನುವ ವಿಷಯದಲ್ಲಿ ನಾಲ್ಕು ತಾಲ್ಲೂಕಿನ ಗಂಡಸರದ್ದೂ ಒಂದೇ ಅಭಿಪ್ರಾಯ, ನನ್ನದು ಇನ್ನೊಂದು.

ಬುದ್ಧಿವಂತ ಎಮ್ಮೆ

ಅರಕೆರೆ ಹತ್ತಿರದ ಒಂದು ಹಳ್ಳಿ. ಕಾಲುಬಾಯಿ ಜ್ವರದ ಲಸಿಕೆ ಹಾಕುತ್ತೇವೆ, ದನಗಳನ್ನು ಕಟ್ಟಿಕೊಂಡಿರಿ ಅಂತ ಹಿಂದಿನ ದಿನವೇ ಹೇಳಿ ಕಳಿಸಿದ್ದೆ. ತೂತು ಬಿದ್ದ ಸೈಲೆನ್ಸರಿನ ಜೀಪು ನಾಲೆ ಏರಿಯ ಮೇಲೆ ಗುಡುಗುತ್ತ ಬಂತು. ಊರೊಳಗೆ ಹೋಗಿ ನೋಡಿದರೆ ಗೂಟಗಳಿವೆ, ದನಗಳಿಲ್ಲ.

ಒಬ್ಬ ಯಜಮಾನರು ಟವಲು ಕೊಡವುತ್ತ ಎದ್ದು ಬಂದರು. "ಏನ್ ಮಾಡದವ್ವಾ? ನಿಮ್ ಗಾಡಿ ಸದ್ದು ಕೇಳ್ಬುಟ್ಟು ಎಲ್ಲಾ ಬೆದ್ರಿ ಅಗ್ಗ ಕಿತ್ಕಂಡು ಕಬ್ಬಿನ ಗದ್ದೆಗೆ ಓಡೋದ್ವು. ಮೂಕ ಪ್ರಾಣಿ ನೋಡಿ."

ಅಸಲು ವಿಷಯ ನನಗೆ ಗೊತ್ತಿಲ್ಲದ್ದೇನಲ್ಲ. ಸೂಜಿ ಹಾಕಿಸಿದರೆ ಹಾಲು ಇಳಿದುಬಿಡುತ್ತದೆ ಅನ್ನುವ ಭಯ ಇವರಿಗೆ. ಇಳಿದರೂ ಎರಡು ದಿನ. ಜ್ವರ ಬಂದರೆ ಹಸುವೇ ಹೋಗುತ್ತದೆ. ಪಕ್ಕದೂರಲ್ಲಿ ಆಗಲೇ ಎರಡು ಕರು ಸತ್ತಿದ್ದವು. ನಾನು ಗೂಟದ ಬಳಿ ಬಿದ್ದಿದ್ದ ಹಗ್ಗ ಎತ್ತಿ ಅವರ ಮುಂದೆ ಹಿಡಿದೆ.

"ಯಜಮಾನ್ರೇ, ಹಗ್ಗ ಕಿತ್ತಿಲ್ಲ. ಗಂಟು ಬಿಚ್ಚಿದೆ. ನಿಮ್ಮ ಎಮ್ಮೆಗೆ ಗಂಟು ಬಿಚ್ಚೋದು ಯಾರು ಕಲ್ಸಿದ್ದು?"

ಯಜಮಾನರು ರೆಪ್ಪೆ ಕೂಡ ಬಡಿಯಲಿಲ್ಲ.

"ನಮ್ ಎಮ್ಮೆ ಬೋ ಬುದ್ದುವಂತೆ ಕಣವ್ವಾ. ನಮ್ ಐಕ್ಳಿಗಿಂತ ಎಷ್ಟೋ ವಾಸಿ!"

ಜೀಪಿಗೆ ಹತ್ತಿ ಕೂತವಳು ಆಗಲೇ ತೀರ್ಮಾನ ಮಾಡಿದೆ. ನಾನು ಅವರ ಮನೆ ಬಾಗಿಲಲ್ಲಿ ಇಳಿಯುವ ತನಕ ನಾನು ಬಂದದ್ದು ಊರಿಗೆ ಗೊತ್ತಾಗಬಾರದು. ಅಂಥ ಸೈಲೆನ್ಸರ್ ಬೇಕು.

ಕಾಡುಪ್ರಾಣಿಗಳ ಅಂಗಡಿ

ಶ್ರೀರಂಗಪಟ್ಟಣದಲ್ಲಿ ಹೆದ್ದಾರಿ ಪಕ್ಕದ ಒಂದು ಅಂಗಡಿಗೆ ಹೋದೆ. ಗೋಡೆ ತುಂಬ ಪಳಪಳ ಹೊಳೆಯುವ ಪೈಪುಗಳು. ಮಾಲೀಕ ನನ್ನನ್ನು ದಾಟಿ ಜೀಪಿನ ಕಡೆ ನೋಡಿದ.

"ಡ್ರೈವರ್ ಎಲ್ಲಮ್ಮಾ?"

"ನಾನೇ."

"ಅಲ್ಲಾ, ಗಾಡಿ ಓಡ್ಸೋರು?"

"ನಾನೇ ಕಣಪ್ಪಾ."

"ಓಗ್ಲಿ, ಯಜಮಾನ್ರಿಗೆ ಫೋನ್ ಮಾಡಿ, ಯಾವ ಸೌಂಡು ಬೇಕು ಅಂತ ಕೇಳ್ಬುಡಮ."

"ನಮ್ಮ ಯಜಮಾನ್ರು ಓಡ್ಸೋದು ಸ್ಕೂಟರು. ಅವರಿಗೂ ಈ ಜೀಪಿಗೂ ಸಂಬಂಧ ಇಲ್ಲ. ಏನೇನಿದೆ ತೋರಿಸು."

ಅವನು ಫೋನು ತೆಗೆದು ಒಂದೊಂದೇ ಪೈಪಿನ ಸದ್ದು ಕೇಳಿಸತೊಡಗಿದ. "ಇದು ಉಲಿ, ಮೇಡಂ. ಇದು ಸಿಂಹ. ಇದ್ನ ಆಕ್ಸುದ್ರೆ ಆನೆ ಬಂದಂಗೇಯ, ಪಟ್ಟಣದಿಂದ ಪಾಂಡುಪುರಕ್ಕೆ ಕೇಳುಸ್ತದೆ!"

ನಾನು ಎಲ್ಲ ಕೇಳಿಸಿಕೊಂಡು ಹೇಳಿದೆ: "ನೋಡಪ್ಪಾ, ಇವೆಲ್ಲ ಕಾಡುಪ್ರಾಣಿ. ನಾನು ಸಾಕುಪ್ರಾಣಿ ಡಾಕ್ಟ್ರು. ನಮ್ಮ ಇಲಾಖೇದು ಏನಾದ್ರೂ ಇದ್ರೆ ಕೊಡು."

ಎದ್ದು ನಿಂತ ಕರು

ನನ್ನ ಜೊತೆ ಓಡಾಡುವ ಅಟೆಂಡರಿಗೆ ನನ್ನ ಈ ಹಠ ಚೂರೂ ಹಿಡಿಸಿರಲಿಲ್ಲ. ಜೀಪು ಗುಡುಗಿದರೆ ಕಟ್ಟೆ ಮೇಲೆ ಕೂತ ಜನ ಎದ್ದು ನಿಲ್ಲುತ್ತಾರೆ ಅನ್ನುವುದು ಅವನ ಲೆಕ್ಕ.

"ಸದ್ದಿಲ್ದೆ ಓದ್ರೆ ನಮ್ನ ಡಾಕ್ಟ್ರು ಅಂತ ಯಾರ್ ಅಂತಾರೆ ಮೇಡಂ? ಸೀರೆ ಮಾರೋರು ಅನ್ಕತಾರೆ!"

ಒಂದು ದಿನ ಪಾಂಡವಪುರದ ಆಚೆ ಒಂದು ಹಸುವಿಗೆ ಹೆರಿಗೆ ಕಷ್ಟವಾಗಿತ್ತು. ಕರು ಅಡ್ಡ ತಿರುಗಿತ್ತು. ಮೊಣಕೈ ತನಕ ಕೈ ಹಾಕಿ ಎರಡು ಗಂಟೆ ಒದ್ದಾಡಿದೆ. ಮನೆಯ ಹುಡುಗರೇ ಕಾಲು ಹಿಡಿದೆಳೆದರು. ಅಟೆಂಡರು ಮಾತ್ರ ಕಾಣಲಿಲ್ಲ. "ಟೈರಿಗೆ ಗಾಳಿ ಆಕುಸ್ಕಬತ್ತೀನಿ" ಅಂತ ಕೀಲಿ ಇಸಿದುಕೊಂಡು ಹೋದವನು ಪತ್ತೆಯಿಲ್ಲ. ಕೊನೆಗೆ ಕರು ಹುಟ್ಟಿತು. ಉಸಿರಿದೆ, ಆದರೆ ಏಳುತ್ತಿಲ್ಲ. ಮನೆಯ ಅಜ್ಜಿಯೂ ಸೇರಿ ಎಲ್ಲರೂ ಕಣ್ಣು ಮಿಟುಕಿಸದೆ ನೋಡುತ್ತ ಕೂತಿದ್ದರು.

ಅಷ್ಟರಲ್ಲಿ ಬೀದಿಯಲ್ಲಿ ಬಾಂಬು ಸಿಡಿದಂಥ ಶಬ್ದ. ಹೆಂಚು ಅದುರಿತು. ನನ್ನದೇ ಜೀಪು! ಅಟೆಂಡರು ತನ್ನ ಗುರುತಿನ ಗ್ಯಾರೇಜಿಗೆ ಹೋಗಿ, "ಒಂದಿನ ನೋಡ್ಲಿ, ಆಮೇಲೆ ಮೇಡಮ್ಮೇ ಬುಡಾಕಿಲ್ಲ" ಅಂತ ಒಂದು ದೊಡ್ಡ ಬಾಯಿಯ ಪೈಪು ಹಾಕಿಸಿಕೊಂಡು ಬಂದಿದ್ದ. ಆ ಸದ್ದಿಗೆ ಕರು ಬೆಚ್ಚಿಬಿದ್ದು ನಾಲ್ಕೂ ಕಾಲ ಮೇಲೆ ನಿಂತೇಬಿಟ್ಟಿತು.

"ನೋಡುದ್ರಾ ಮೇಡಂ!" ಅಂತ ಅಟೆಂಡರು ಎದೆ ಉಬ್ಬಿಸಿದ. "ಔಸ್ದಿ ಇಲ್ಲ, ಗುಳಿಗೆ ಇಲ್ಲ, ಕರ ನಿಂತ್ಕತು!"

"ನಿಂತ್ಕತು ಕಣಯ್ಯಾ," ಅಂದೆ. "ಹಿಂದೆ ತಿರುಗಿ ನೋಡು. ಅಜ್ಜಿ ಮಲಗ್ಬುಡ್ತು."

ನೀರು ಚಿಮುಕಿಸಿದ ಮೇಲೆ ಅಜ್ಜಿ ಎದ್ದು ಕೂತು ಕೇಳಿದ ಮೊದಲ ಮಾತು: "ಡ್ಯಾಮು ವಡ್ದೋಯ್ತಾ?"

ಕೇಳಿ ಪಡೆದ ದಂಡ

ಆ ಪೈಪನ್ನು ಆಗಲೇ ಬಿಚ್ಚಿಸೋಣವೆಂದರೆ ಗ್ಯಾರೇಜಿನವನು ಬೀಗ ಹಾಕಿಕೊಂಡು ಯಾರದೋ ಬೀಗರ ಊಟಕ್ಕೆ ಹೋಗಿದ್ದ. ಬೇರೆ ಗ್ಯಾರೇಜು ಹುಡುಕಿಕೊಂಡು ಅದೇ ಗುಡುಗು ಹೊತ್ತು ಹೊರಟೆ. ಎರಡು ಮೈಲಿ ದಾಟಿಲ್ಲ, ಪೊಲೀಸಿನವರು ಕೈ ಅಡ್ಡ ಹಿಡಿದರು.

"ಬಿಚ್ಚಿಸೋಕೇ ಹೋಗ್ತಿದೀನಿ," ಅಂದೆ.

"ಸಿಕ್ಕಾಕಂಡೋರೆಲ್ಲಾ ಅಂಗೇ ಏಳೋದು," ಅಂದ ಪೇದೆ, ಲೈಸೆನ್ಸು ನೋಡುತ್ತ. ಹಿಂದಿನ ಸೀಟಿನ ಲಸಿಕೆ ಡಬ್ಬಿ ಕಣ್ಣಿಗೆ ಬಿದ್ದದ್ದೇ ಅವನ ದನಿ ಬೆಣ್ಣೆಯಾಯಿತು. "ದನಿನ್ ಡಾಕ್ಟ್ರಾ? ನಮ್ ಅಸ ಮೂರ್ ದಿನದಿಂದ ಮೇವು ಮುಟ್ಟಿಲ್ಲ ಮೇಡಂ. ನೀವು ಓಗಿ, ದಂಡ ಗಿಂಡ ಏನೂ ಬ್ಯಾಡ. ಔಸ್ದಿ ಒಂದ್ ಬರ್ಕೊಟ್ಬುಡಿ."

ನನಗೆ ಉರಿಯಿತು. "ಯಾಕ್ರೀ ಬೇಡ? ಇಡೀ ಊರಿನ ಕಿವಿ ಕಿತ್ತುಹೋಗೋ ಹಂಗೆ ಬಂದಿದೀನಿ. ಮೊದಲು ದಂಡ ಬರೀರಿ. ಆಮೇಲೆ ನಿಮ್ಮ ಹಸೂಗೆ ಔಷಧಿ ಬರೀತೀನಿ."

ರಸ್ತೆ ಬದಿಯಲ್ಲಿ ಅವನು ಒಂದು ಚೀಟಿ ಬರೆದ, ನಾನು ಒಂದು ಚೀಟಿ ಬರೆದೆ. ಇಬ್ಬರೂ ಬದಲಾಯಿಸಿಕೊಂಡೆವು. ನಾನು ಹತ್ತುವಾಗ ಅವನು ಅಟೆಂಡರ ಕಿವಿಯಲ್ಲಿ ಕೇಳಿದ್ದು ನನಗೂ ಕೇಳಿಸಿತು:

"ಮನೇಲೂ ಇಂಗೇಯೇನ್ಲಾ ಇವ್ರು?"

ತಳ್ಳಿದ ಗಾಡಿ

ಕೊನೆಗೆ ನನ್ನ ಮಾತು ಅರ್ಥವಾದದ್ದು ನಾಗಮಂಗಲದಲ್ಲಿ ಗ್ಯಾರೇಜು ಇಟ್ಟಿದ್ದ ಒಬ್ಬ ವಯಸ್ಸಾದ ಸಾಬರಿಗೆ. ಅವರು ಮೂಲೆಯಿಂದ ಒಂದು ಉದ್ದನೆಯ ದಪ್ಪ ಸೈಲೆನ್ಸರ್ ಡಬ್ಬಿ ಎಳೆದು ತಂದರು, ಮೇಲೆ ಒಂದಂಗುಲ ಧೂಳು.

"ಇದು ಅಸಲಿ ಮಾಲು ಮೇಡಂ. ಒಳ್ಗೆ ಸದ್ದು ಕುಡಿಯೋ ಉಣ್ಣೆ ಐತೆ. ಬಂದೋರೆಲ್ಲಾ ಜೋರಾಗಿ ಮಾಡು ಅಂತಾರೆ. ಕಮ್ಮಿ ಮಾಡು ಅಂದಿದ್ದು ನೀವೇ ಪೆಹಲಾ."

ಹಸುವಿನ ಹೊಟ್ಟೆ ತಟ್ಟುವ ಹಾಗೆ ಬೆರಳ ಗೆಣ್ಣಿನಿಂದ ಡಬ್ಬಿಯನ್ನು ಉದ್ದಕ್ಕೂ ತಟ್ಟಿ ನೋಡಿದೆ. ಎಲ್ಲೂ ಟೊಳ್ಳು ದನಿ ಬರಲಿಲ್ಲ. ಆಮೇಲೆ ಗೋಣಿಚೀಲ ಹಾಸಿಕೊಂಡು ಜೀಪಿನ ಕೆಳಗೇ ತೂರಿದೆ. ಅದನ್ನು ಕೂರಿಸಿದರೆ ಹಳ್ಳದಲ್ಲಿ ಕಲ್ಲಿಗೆ ತಾಗದಷ್ಟು ಎತ್ತರ ಉಳಿಯುತ್ತದೆಯೇ, ಪಕ್ಕದಲ್ಲಿ ಕಟ್ಟಿದ ದನದ ಮುಖಕ್ಕೆ ಹೊಗೆ ಹೊಡೆಯದೆ ಹಿಂದಕ್ಕೆ ಹೋಗುತ್ತದೆಯೇ, ಎಲ್ಲ ನೋಡಿದೆ. ಸಾಬರು ನೆಲಕ್ಕೆ ಬಗ್ಗಿ, "ಕೆಲ್ಸಕ್ಕೆ ಬರ್ತೀರಾ ಮೇಡಂ?" ಅಂದರು.

ಹಾಕಿ ಮುಗಿಸಿದಾಗ ಪಕ್ಕದ ರಾಗಿ ಮಿಷನ್ನು ಗರಗರ ತಿರುಗುತ್ತಿತ್ತು. ನಾನು ಜೀಪು ಸ್ಟಾರ್ಟು ಮಾಡಿ ಕೂತೆ. ಮುಖ ಊದಿಸಿಕೊಂಡು ನಿಂತಿದ್ದ ಅಟೆಂಡರು ಸ್ವಲ್ಪ ಹೊತ್ತು ಕಾದ.

"ಯಾಕ್ ಮೇಡಂ, ಸ್ಟಾಟ್ ಆಯ್ತಿಲ್ವಾ? ನಾನ್ ಏಳ್ಲಿಲ್ವಾ, ಡಬ್ಬಾ ಮಾಲು ಅಂತ?" ಅನ್ನುತ್ತ ಹಿಂದೆ ಹೋಗಿ ಭುಜ ಕೊಟ್ಟು ತಳ್ಳಿದ. ನಾನು ಗೇರು ಹಾಕಿ ಹೊರಟೆ.

ಏದುಸಿರು ಬಿಡುತ್ತ ಓಡಿಬಂದು ಹತ್ತಿಕೊಂಡವನು ಇವತ್ತಿಗೂ ಎಲ್ಲರ ಹತ್ತಿರ ಹೇಳುತ್ತಾನೆ: "ಅವತ್ತು ನಾನ್ ತಳ್ದೆ ಇದ್ದಿದ್ರೆ ಆ ಗಾಡಿ ಇನ್ನೂ ನಾಗ್ಮಂಗ್ಲದಲ್ಲೇ ಇರೋದು."

ಒಳಗೆ ಕೆಮ್ಮಿದವರು

ಹೊಸ ಸೈಲೆನ್ಸರಿನ ಜೊತೆ ಹೇಮಗಿರಿ ಕಡೆಯ ಒಂದು ಹಳ್ಳಿಗೆ ಹೋದೆ. ಎರಡು ಸಲ ಹೋಗಿ ಒಂದು ಬಾಲವನ್ನೂ ಕಾಣದೆ ವಾಪಸು ಬಂದಿದ್ದ ಊರು. ಈ ಸಲ ಬೆಳಗಿನ ಹೊತ್ತು, ಯಾರ ಕಿವಿಗೂ ಬೀಳದೆ ಒಳಗೆ ನುಗ್ಗಿದೆ. ಗಂಟು ಬಿಚ್ಚಲು ಯಾರಿಗೂ ಪುರುಸೊತ್ತಾಗಲಿಲ್ಲ. ಮಧ್ಯಾಹ್ನದೊಳಗೆ ಇಡೀ ಬೀದಿ ಮುಗಿಯಿತು.

ಉಳಿದದ್ದು ಕೊನೆಯ ಮನೆ. ಅಲ್ಲಿನ ಸೀಮೆ ಹಸು ಆ ಊರಿಗೇ ಹೆಚ್ಚು ಹಾಲು ಕೊಡುವಂಥದ್ದು. ನಾವು ಜೀಪು ನಿಲ್ಲಿಸಿದಾಗ ಮನೆಯ ಬಾಗಿಲು ದಡಾರನೆ ಮುಚ್ಚಿತು. ಅಷ್ಟರಲ್ಲಿ ಒಂದು ಬಾಲದ ತುದಿ ಒಳಗೆ ಹೋದದ್ದನ್ನು ನಾನು ನೋಡಿದ್ದೆ. ಮನೆಯಾತ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಹಲ್ಲು ಕಿರಿದ.

"ಅಸುನ ಮಾರ್ಬುಟ್ಟೆ ಕಣವ್ವಾ. ಓದ್ವಾರವೇ ಒಂಟೋಯ್ತು."

"ಹೌದಾ? ಪರವಾಗಿಲ್ಲ ಬಿಡಪ್ಪಾ. ಬಿಸಿಲು, ಸ್ವಲ್ಪ ಹೊತ್ತು ಕೂತಿರ್ತೀನಿ," ಅಂತ ಜಗುಲಿಯ ಮೇಲೆ ಕೂತೆ. ನನಗೇನು ಅವಸರ? ಹತ್ತು ನಿಮಿಷವಾಯಿತು. ಒಳಗೆ ಪಾತ್ರೆಗಳು ದಡಬಡ ಉರುಳಿದವು. ಆತ ಜೋರಾಗಿ ಮಳೆಯ ವಿಷಯ ತೆಗೆದ. ಅಷ್ಟರಲ್ಲಿ ಒಳಗಿನಿಂದ ಊರಿಗೆಲ್ಲ ಕೇಳುವಂತೆ, "ಅಂಬಾ…" ಅಂತ ಬಂತು.

ನಾನು ಆತನ ಮುಖ ನೋಡಿದೆ. ಅಟೆಂಡರೂ ನೋಡಿದ.

"ನಮ್ಮನೇವ್ಳು," ಅಂದ ಆತ, ಬೆವರು ಒರೆಸಿಕೊಳ್ಳುತ್ತ. "ಎಂಟ್ ದಿನದಿಂದ ಕೆಮ್ಮು. ದನಿ ಪೂರ್ತಾ ಕಟ್ಕಬುಟ್ಟದೆ."

"ಪಾಪ. ನಾನೇ ಒಂದು ಸಲ ನೋಡ್ಲಾ?"

"ಬ್ಯಾಡಿ ಕಣವ್ವಾ, ಯಾರ್ನೂ ಅತ್ರುಕ್ಕೆ ಸೇರ್ಸಾಕಿಲ್ಲ ಅವ್ಳು. ಒದ್ಬುಡ್ತಾಳೆ!"

ಹಿಂದೆ ಏನೋ ಧೊಪ್ಪನೆ ಬಿತ್ತು. ತಿರುಗಿ ನೋಡಿದರೆ ಹುಲ್ಲಿನ ಹೊರೆ. ಅದನ್ನು ತಲೆಯಿಂದ ಕೆಡವಿ, ಸೊಂಟದ ಮೇಲೆ ಕೈಯಿಟ್ಟು, ಕುಡುಗೋಲು ಹಿಡಿದು ನಿಂತಿದ್ದವಳು ಅವನ ಹೆಂಡತಿ.

"ನಾನು ಇಲ್ಲಿವ್ನಿ," ಅಂದಳು. "ಒಳ್ಗೆ ಕೆಮ್ತಿರೋಳು ಯಾವಳ್ಲಾ?"