ಅಳಿಯನ ಪಾಲಿನ ಎದೆತುಂಡು

ಪರಮಾಣುವಿಗೆ ಕವಡೆ ಕಾಸಿನ ಮರ್ಯಾದೆ ಇಲ್ಲದ ಮನೆಯೊಂದು ಈ ಭೂಮಂಡಲದಲ್ಲಿದ್ದರೆ ಅದು ನನ್ನದೇ. ಇಪ್ಪತ್ತೆರಡು ವರ್ಷದಿಂದ ನಮ್ಮ ಓಸ್ಕೆಮೆನ್ ಊರಿನ ಶಾಲೆಯಲ್ಲಿ ಭೌತಶಾಸ್ತ್ರದ ಮೇಷ್ಟ್ರು ನಾನು. ಯುರೇನಿಯಂ ಇಂಧನ ತಯಾರಾಗುವ ಊರಿದು. ಸಂತೆಯಲ್ಲಿ ಈರುಳ್ಳಿ ಮಾರುವವಳೂ ನನ್ನ ಮಾತು ಕೇಳಿ ತಲೆದೂಗುತ್ತಾಳೆ. ನನ್ನ ಹೆಂಡತಿ ಶೋಲ್ಪಾನ್ ಮಾತ್ರ ನಾನು ಬಾಯಿ ತೆರೆದರೆ ಹಿಟ್ಟನ್ನು ಇನ್ನಷ್ಟು ಜೋರಾಗಿ ನಾದುತ್ತಾಳೆ.

"ಆಲೂಗಡ್ಡೆ ಮೊಳಕೆ ಒಡೀದೆ ಇರೋಕೆ ವಿಕಿರಣ ಹಾಯಿಸ್ತಾರೆ, ಗೊತ್ತೇನೇ? ಆಸ್ಪತ್ರೇಲಿ ರಕ್ತಕ್ಕೆ ಒಂದು ಚೂರು ಸೇರಿಸಿದ್ರೆ ಹೃದಯ ಹೇಗೆ ಕೆಲಸ ಮಾಡ್ತಿದೆ ಅಂತ ಕ್ಯಾಮರಾದಲ್ಲಿ ಕಾಣುತ್ತೆ!"

"ರೀ, ಆ ಉಪ್ಪು ಈಚೆ ಕೊಡಿ."

ಇವಳಿಗೆ ಬುದ್ಧಿ ಕಲಿಸಲೆಂದೇ ಮಾರ್ಚ್ ತಿಂಗಳ ಒಂದು ಶನಿವಾರ ಶಾಲೆಯಿಂದ ಗೈಗರ್ ಡಬ್ಬಿ ತಂದೆ. ವಿಕಿರಣ ಕಂಡರೆ ಟಿಕ್ ಟಿಕ್ ಎನ್ನುವ ಡಬ್ಬಿ. (ಅವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ನನ್ನ ಹೃದಯದ ತಪಾಸಣೆಯೂ ಆಗಿತ್ತು. ನರ್ಸಮ್ಮ ಒಂದು ಚೀಟಿ ಕೊಟ್ಟಳು. ಮೇಷ್ಟ್ರಿಗೇ ಪಾಠವೇ ಎಂದು ಓದದೆ ಕಿಸೆಗೆ ತುರುಕಿಕೊಂಡಿದ್ದೆ.)

ಮನೆಗೆ ಬಂದರೆ ಹಳ್ಳಿಯಿಂದ ಅತ್ತೆ ಬಾಟಿಮಾ ಬಂದು ಕೂತಿದ್ದರು. ಮೇಜಿನ ಮೇಲೆ ನನ್ನ ಪಾಲು! ನವೆಂಬರಿನಲ್ಲಿ ಕೊಯ್ದ ಕುರಿಯ ಎದೆತುಂಡನ್ನು ಮೊಮ್ಮಕ್ಕಳಿಗೂ ಮುಟ್ಟಗೊಡದೆ, ಉಪ್ಪು ಹಚ್ಚಿ ಚಳಿಗಾಲವಿಡೀ ಕಾದಿಟ್ಟು ತಂದಿದ್ದರು. ನಮ್ಮ ಪದ್ಧತಿಯಲ್ಲಿ ಎದೆತುಂಡು ಅಳಿಯನದ್ದು. ಉಣ್ಣಿಸದ ಅತ್ತೆಗೂ ಉಣ್ಣದ ಅಳಿಯನಿಗೂ ನಾಲ್ಕು ಜನರ ಮುಂದೆ ತಲೆ ಎತ್ತುವ ಹಾಗಿಲ್ಲ.

"ಬನ್ನಿ ಅಳಿಯಂದ್ರೇ, ಕೈ ತೊಳ್ಕೊಳ್ಳಿ. ಬೇಯೋಕೆ ಇಡ್ತೀನಿ."

"ಒಂದು ನಿಮಿಷ ಅತ್ತೆ, ಇವಳಿಗೊಂದು ಪ್ರಯೋಗ ತೋರಿಸ್ತೀನಿ," ಎಂದು ಡಬ್ಬಿಯ ಗುಂಡಿ ಒತ್ತಿ ಮಾಂಸದ ಮೇಲೆ ಬಾಗಿದೆ. ಅದು ಟಿಕ್ ಎನ್ನಲಿಲ್ಲ, ಕಿರ್ರನೆ ಕಿರುಚಿಕೊಂಡಿತು!

ಉಪ್ಪಿನ ಡಬ್ಬಿಗೆ ಹಿಡಿದೆ, ಕಿರ್ರ್! ಚಹಾ ಕಾಯಿಸುವ ಸಮೋವರಿಗೆ ಹಿಡಿದೆ, ಕಿರ್ರ್! ಮಾಂಸದ ವಿಷ ಅಡುಗೆಮನೆಯನ್ನೆಲ್ಲ ವ್ಯಾಪಿಸಿದೆ ಎಂದು ನನ್ನ ವೈಜ್ಞಾನಿಕ ಮಿದುಳು ತೀರ್ಪು ಕೊಟ್ಟಿತು.

"ಯಾರೂ ಮುಟ್ಟಬೇಡಿ! ಅತ್ತೆ, ಈ ಕುರಿ ಎಲ್ಲಿ ಮೇಯ್ದಿತ್ತು?"

"ನಮ್ಮ ಗುಡ್ಡದಲ್ಲೇ ಕಣಪ್ಪಾ! ಅದರ ಅಣ್ಣತಮ್ಮಂದಿರನ್ನ ನೀವೇ ಹತ್ತು ವರ್ಷದಿಂದ ತಿಂತಿದ್ದೀರಲ್ಲ!"

ನಾನು ಕೇಳಲಿಲ್ಲ. ಇಕ್ಕಳದಲ್ಲಿ ಎದೆತುಂಡನ್ನು ಹಿಡಿದು, ಹಿತ್ತಲ ಬೇಲಿಯ ಪಕ್ಕ ಹಿಮದಲ್ಲಿ ಹೂತು ಬಂದೆ. ಅತ್ತೆ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡು, ತಂದ ಚೀಲವನ್ನು ಮಡಿಚತೊಡಗಿದರು.

"ಅಮ್ಮ, ಕೂತ್ಕೋ," ಎಂದು ಶೋಲ್ಪಾನ್ ಹಿಟ್ಟಿನ ಕೈಯಲ್ಲೇ ನನ್ನಿಂದ ಗೈಗರ್ ಡಬ್ಬಿ ಕಿತ್ತುಕೊಂಡಳು. ಸಮೋವರಿನ ಹತ್ತಿರ ಹೋದಳು, ಸದ್ದು ಇಳಿಯಿತು. ಹಿತ್ತಲಿಗೆ ನಡೆದಳು. ನಾನು ಬಾಗಿಲಲ್ಲೇ ನಿಂತು ನೋಡಿದೆ: ಪಕ್ಕದ ಮನೆಯ ನಾಯಿ ಆಕ್ತೋಸ್ ಹಿಮ ಬಗೆದು, ನನ್ನ ಎದೆತುಂಡನ್ನು ಮುಗಿಸಿ ಮೂಳೆ ನೆಕ್ಕುತ್ತಿತ್ತು. ಅದರ ಮೂತಿಗೆ ಡಬ್ಬಿ ಹಿಡಿದರೆ ಟಿಕ್... ಟಿಕ್... ಅಷ್ಟೇ. ಅವಳು ನನ್ನತ್ತ ಹೆಜ್ಜೆ ಹಾಕುತ್ತಿದ್ದಂತೆ ಸದ್ದು ಏರಿತು. ನನ್ನ ಎದೆಗೆ ಹಿಡಿದಳು. ಕಿರ್ರ್‌ರ್‌ರ್!

"ಬೆಳಿಗ್ಗೆ ಆಸ್ಪತ್ರೇಲಿ ಏನಾದ್ರೂ ಚುಚ್ಚಿದ್ರಾ?"

"ಒಂದು... ಸಣ್ಣ ಸೂಜಿ..."

"ರಕ್ತಕ್ಕೆ ಒಂದು ಚೂರು ಸೇರಿಸ್ತಾರೆ, ಕ್ಯಾಮರಾದಲ್ಲಿ ಕಾಣುತ್ತೆ ಅಂತ ದಿನಾ ಕೊರೀತಿದ್ರಲ್ಲ. ಆ ಚೂರು ಈಗ ಎಲ್ಲಿದೆ ಮೇಷ್ಟ್ರೇ?"

ಅಯ್ಯೋ ದೇವರೇ! ಇವಳು ಇಷ್ಟು ವರ್ಷ ಹಿಟ್ಟು ನಾದುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು! ಕಿಸೆಯ ಚೀಟಿ ತೆಗೆದು ಅವಳೇ ಗಟ್ಟಿಯಾಗಿ ಓದಿದಳು: 'ನೀರು ಚೆನ್ನಾಗಿ ಕುಡಿಯಿರಿ. ಇವತ್ತು ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳಬೇಡಿ. ವಿಕಿರಣ ಆರು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ.'

ನಾಚಿಕೆಯಿಂದ ನೆಲ ನೋಡುತ್ತಾ, "ತಪ್ಪಾಯ್ತು ಅತ್ತೆ," ಎಂದೆ.

ಅತ್ತೆ ನನ್ನತ್ತ ತಿರುಗಿಯೂ ನೋಡದೆ ಹಿತ್ತಲಿಗಿಳಿದು ಆಕ್ತೋಸ್‌ನ ತಲೆ ಸವರಿದರು. "ಎದೆತುಂಡು ತಿಂದೋನೇ ಅಳಿಯ ಕಣೇ ಶೋಲ್ಪಾನ್. ಪದ್ಧತಿ ಬಿಡೋಕಾಗುತ್ತಾ?" ಅವತ್ತು ನನಗೆ ಸಿಕ್ಕಿದ್ದು ಒಣ ರೊಟ್ಟಿ, ಜೊತೆಗೆ ಚೀಟಿಯಲ್ಲಿ ಬರೆದಷ್ಟು ನೀರು.

ನನ್ನ ವಿಕಿರಣ ಮರುದಿನವೇ ಇಳಿದುಹೋಯಿತು. ಅತ್ತೆಯ ಸಿಟ್ಟಿನ ಅರ್ಧಾಯು ಎಷ್ಟೆಂದು ಯಾವ ಪುಸ್ತಕದಲ್ಲೂ ಇಲ್ಲ. ಈಗಲೂ ಪ್ರತಿ ಶುಕ್ರವಾರ ಫೋನ್ ಮಾಡಿ, "ಅಳಿಯಂದ್ರು ಹೇಗಿದ್ದಾರೆ?" ಎಂದು ಕೇಳುತ್ತಾರೆ. ಪಕ್ಕದಲ್ಲೇ ಕೂತಿರುವ ನನ್ನನ್ನು ಬಿಟ್ಟು ಶೋಲ್ಪಾನ್ ಕಿಟಕಿಯಿಂದ ಬೇಲಿಯಾಚೆ ಇಣುಕುತ್ತಾಳೆ.

"ಚೆನ್ನಾಗಿದ್ದಾರಮ್ಮ. ಬಾಲ ಆಡಿಸ್ತಿದ್ದಾರೆ."